ಹಲ್ಲಿನ ಡಾಕ್ಟರು ತೋರಿಸುವ ಗುಡ್ಡದ ದಾರಿ

ಊರಿಗೆ ಹೊಸಬರು ಯಾರೇ ಬಂದು ಕುರ್ಚಿಯಲ್ಲಿ ಒರಗಲಿ, ನೋವೆಲ್ಲಿ ಎಂದು ಕೇಳುವ ಮೊದಲೇ ಹಲ್ಲಿನ ಡಾಕ್ಟರು, "ಗುಡ್ಡದಲ್ಲಿ ಸೈಕಲ್ ಹೊಡೀತೀರಾ?" ಎನ್ನುತ್ತಾರೆ. ಹೂಂ ಎಂದರೆ ಮುಗಿಯಿತು, ಬಾಯೊಳಗೇ ನಕ್ಷೆ ಬಿಚ್ಚಿಕೊಳ್ಳುತ್ತದೆ. ಯಾರನ್ನು ಕೇಳಿದರೂ ಡಾಂಬರು ರಸ್ತೆಯನ್ನೇ ತೋರಿಸುತ್ತಾರೆಂದು ಬೇಸತ್ತಿದ್ದ ಹೊಸ ಟೀಚರು ಆಸೆಯಿಂದ ಬಾಯಿ ತೆರೆದರು. "ಈ ದವಡೆಹಲ್ಲು ನೀರಿನ ಟ್ಯಾಂಕು ಅಂದ್ಕೊಳ್ಳಿ ಟೀಚರ್, ಅದರ ಹಿಂದೇನೇ ಕಾಲುದಾರಿ. ಇಲ್ಲಿ ಕಲ್ಲು, ಇಲ್ಲಿ ಬೇರು," ಎಂದು ಒಂದೊಂದೇ ಹಲ್ಲು ತಟ್ಟುತ್ತ ಡಾಕ್ಟರು ಗುಡ್ಡ ಹತ್ತಿಸಿದರು. ಮುಂದಿನ ಹಲ್ಲುಗಳಿಗೆ ಬಂದಾಗ ಮಾತ್ರ ದನಿ ತಗ್ಗಿತು. "ಇಲ್ಲೊಂದು ತಿರುವು ಇದೆ. ಇಳಿದು ತಳ್ಕೊಂಡೇ ಹೋಗಿ." ಆಮೇಲೆ ಮಾಸ್ಕ್ ಸರಿಸಿ, ತಮ್ಮ ಕಟ್ಟಿಸಿದ ಮುಂದಿನ ಹಲ್ಲುಗಳನ್ನು ಕಳಚಿ ಅಂಗೈಯಲ್ಲಿಟ್ಟು ತೋರಿಸಿದರು. "ನಾನು ಹೊಸದಾಗಿ ಬಂದಾಗ ಹೇಳೋರು ಯಾರೂ ಇರ್ಲಿಲ್ಲ." ಭಾನುವಾರ ಆ ತಿರುವಿನಲ್ಲಿ ಸೈಕಲ್ ಇಳಿದ ಟೀಚರು ಕೆಳಗಿನ ಕ್ಲಿನಿಕ್ಕಿನ ಕಡೆ ತಿರುಗಿ, ಅಷ್ಟೂ ಹಲ್ಲು ಕಾಣುವಂತೆ ನಕ್ಕು ಕೈಮುಗಿದರು.