ಸಂತಾನನ ಆಮೆನ್

ಹಳಿಯಾಳದ ಕಡೆಯ ಆ ಊರಿನ ಸಿದ್ದಿಗಳ ಪುಟ್ಟ ಚರ್ಚಿನಲ್ಲಿ ಬೈಬಲ್ ಓದುವ ಕೆಲಸ ಸೋನುಬಾಯಿಯದು. ಏಳನೇ ತರಗತಿಯವರೆಗೆ ಕಲಿತವಳು. ತಡವರಿಸದೆ, ಅಕ್ಷರ ನುಂಗದೆ, ಕೊನೆಯ ಬೆಂಚಿನವರಿಗೂ ಕೇಳುವಂತೆ ಓದುತ್ತಾಳೆ. ಗಂಡ ಸಂತಾನನಿಗೆ ಓದು ಬಾರದು. ಆದರೆ ಇಡೀ ಚರ್ಚಿನಲ್ಲಿ ಅವನಷ್ಟು ಜೋರಾಗಿ ಆಮೆನ್ ಅನ್ನುವವರಿಲ್ಲ. ಓದೋದು ಹೆಂಡತಿ, ಒಪ್ಪೋದು ಗಂಡ ಎಂದು ಊರವರು ನಗುತ್ತಿದ್ದರು. ಸೋನುಬಾಯಿಗೂ ಅದು ಹೆಮ್ಮೆಯೇ.

ಬಿತ್ತನೆಗೆ ಮುಂಚಿನ ಭಾನುವಾರ ಎಲ್ಲರೂ ಬೀಜದ ಭತ್ತವನ್ನು ಬುಟ್ಟಿಯಲ್ಲಿ ತರುತ್ತಾರೆ, ಫಾದರ್ ಆಶೀರ್ವದಿಸುತ್ತಾರೆ. ಈ ವರ್ಷ ಅದಕ್ಕೆ ಮೊದಲು ಓದಲು ಅವರು ಕೊಟ್ಟಿದ್ದು ಶಾಪಗಳ ಅಧ್ಯಾಯ. ಒಂದೊಂದು ಶಾಪಕ್ಕೂ ಜನರೆಲ್ಲ ಆಮೆನ್ ಅನ್ನಬೇಕು. ಸಂಜೆ ಕಟ್ಟೆಯ ಮೇಲೆ ಕೂತು ಓದಿ ನೋಡುತ್ತಿದ್ದ ಸೋನುಬಾಯಿ, ನೆರೆಯವನ ಗಡಿ ಸರಿಸಿದವನಿಗೆ ಶಾಪ ಎಂಬಲ್ಲಿಗೆ ಬಂದು ಪುಸ್ತಕ ಮುಚ್ಚಿಬಿಟ್ಟಳು.

ಅವರ ಗದ್ದೆಗೂ ಕಾಶೆವ್ವನ ಗದ್ದೆಗೂ ನಡುವೆ ಒಂದೇ ಬದು. ಪ್ರತಿ ಮಳೆಗಾಲ ಸಂತಾನ ಅದನ್ನು ತನ್ನ ಕಡೆಯಿಂದ ಸಲಿಕೆಯಲ್ಲಿ ಕೆತ್ತುತ್ತಾನೆ, ಕೆತ್ತಿದ ಮಣ್ಣನ್ನು ಆಚೆ ಕಡೆ ಮೆತ್ತುತ್ತಾನೆ. ವರ್ಷಕ್ಕೆ ಒಂದು ಗೇಣೂ ಆಗದು, ಕಳ್ಳತನದ ಹಾಗೆ ಕಾಣುವುದೂ ಇಲ್ಲ. ಆದರೆ ಅವಳು ಮದುವೆಯಾಗಿ ಬಂದಾಗ ಬದುವಿನ ಮೇಲೆಯೇ ಇದ್ದ ಲಕ್ಕಿ ಗಿಡ ಈಗ ಅವರ ಗದ್ದೆಯೊಳಗಿದೆ. ಗಿಡವೇನು ನಡೆದು ಬಂತೇ! ಕಾಶೆವ್ವ ಗಂಡನಿಲ್ಲದ ಮುದುಕಿ, ಮೊಣಕಾಲು ನೋವಿನಿಂದ ಗದ್ದೆಗೇ ಬರುವುದಿಲ್ಲ. ಆ ನೆಲದ ಅಕ್ಕಿಯನ್ನು ಸೋನುಬಾಯಿ ಗೊತ್ತಿದ್ದೂ ಬೇಯಿಸಿ ಬಡಿಸಿದ್ದಳು.

“ಭಾನುವಾರ ನಿಮ್ಮ ಶಾಪಕ್ಕ ನೀವ ಆಮೆನ್ ಅಂತೀರಿ ನೋಡ್ರಿ,” ಎಂದಳು ಗಂಡನಿಗೆ.

ಸಂತಾನ ನಕ್ಕ. “ನಾ ಏನ್ ಗಡಿಕಲ್ಲು ಕಿತ್ತೇನೇನ? ಬದು ಕೆತ್ತೇನಿ. ಎಲ್ಲಾರೂ ಕೆತ್ತತಾರ.”

“ದೇವರು ಚಾಷ್ಟಿಗೆ ಹೇಳ್ಯಾನೇನ ಇದನ್ನ?”

“ಹಂಗಾರ ಆ ಒಂದ್ ಸಾಲು ಬಿಟ್ಟು ಓದು.”

ಬಿಟ್ಟು ಓದುವ ಯೋಚನೆ ಅವಳಿಗೂ ಬಂದಿತ್ತು. ಆದರೆ ಅದೇ ಬೈಬಲಿನ ಕೊನೆಯ ಪುಟದಲ್ಲಿ, ಇದರ ಮಾತು ತೆಗೆದುಹಾಕಿದವರ ಪಾಲನ್ನು ದೇವರೂ ತೆಗೆದುಹಾಕುತ್ತಾನೆಂಬ ಎಚ್ಚರಿಕೆಯಿದೆ. ಓದಿದರೆ ಗಂಡನಿಗೆ ಶಾಪ, ಬಿಟ್ಟರೆ ತನಗೆ. ಇಂಥ ಮಾತು ಕೇಳಿದಾಗ ಜನ ಪಕ್ಕದ ಮನೆಯವರನ್ನು ನೆನೆಯುತ್ತಾರೆ. ಅವಳ ಕಣ್ಣಿಗೆ ಸ್ವಂತ ಮನೆಯೇ ಕಂಡುಬಿಟ್ಟಿತ್ತು. ಆಮೇಲೆ ಅವಳಿಗೆ ಅನ್ನ ಇಳಿಯಲಿಲ್ಲ.

ಭಾನುವಾರ ಸಂತಾನ ಬೀಜದ ಬುಟ್ಟಿ ಹೊತ್ತು ಬಂದು ಬಾಗಿಲ ಬಳಿಯ ಬೆಂಚಿನಲ್ಲಿ ಕೂತ. ಸೋನುಬಾಯಿ ಓದತೊಡಗಿದಳು. ಮೊದಲ ಶಾಪಕ್ಕೆ ಅವನ ಆಮೆನ್ ಗೋಡೆಗೆ ಬಡಿಯಿತು. ಎರಡನೆಯದಕ್ಕೆ ತುಸು ಸಣ್ಣಗಾಯಿತು. ಮೂರನೆಯದು ಗಡಿಯದು. ಅದನ್ನೂ ಅವಳು ಒಂದಕ್ಷರ ಬಿಡದೆ ಓದಿದಳು. ಜನರೆಲ್ಲ ಆಮೆನ್ ಅಂದರು. ಅವನ ದನಿ ಮಾತ್ರ ಕೇಳಿಸಲಿಲ್ಲ. ತಲೆಯೆತ್ತಿ ನೋಡಿದರೆ ಬೆಂಚಿನ ಮೇಲೆ ಬುಟ್ಟಿಯೊಂದೇ ಇತ್ತು.

ಸಿಟ್ಟಾಗಿ ಹೋದನೋ, ಹೆದರಿ ಹೋದನೋ? ಫಾದರ್ ಅವರ ಪ್ರಸಂಗ ಮುಗಿಯುವವರೆಗೆ ಹೇಗೋ ಕೂತಳು. ಆಶೀರ್ವಾದಕ್ಕೆ ನಿಲ್ಲುವ ಧೈರ್ಯವಾಗದೆ ಬುಟ್ಟಿ ಎತ್ತಿಕೊಂಡು ಗದ್ದೆಯ ಕಡೆಗೆ ಓಡಿದಳು.

ಸಂತಾನ ಇಸ್ತ್ರಿಯ ಅಂಗಿಯಲ್ಲೇ ಬದು ಅಗೆದು, ಮಣ್ಣನ್ನು ಲಕ್ಕಿ ಗಿಡದತ್ತ ಎಳೆಯುತ್ತಿದ್ದ. ಅವನೇ ಕೈಹಿಡಿದು ಕರೆತಂದಿದ್ದ ಕಾಶೆವ್ವ ಕೋಲೂರಿಕೊಂಡು ಕಲ್ಲಿನ ಮೇಲೆ ಕೂತಿದ್ದಳು.

“ಅವ್ವಾರ, ನಿಮಗ ಮೊದಲ ಗೊತ್ತಿತ್ತೇನ್ರಿ?” ಎಂದು ಕೇಳಿದಳು ಸೋನುಬಾಯಿ.

“ಗೊತ್ತಿಲ್ದ ಏನ? ನಮ್ಮ ಆಳು ಹೇಳತಿದ್ದ. ದಿನಾ ಶಿವಪೂಜಿ ಆದಮ್ಯಾಲೆ ನಿಮ್ಮ ಮನಿ ಕಡೆ ತಿರುಗಿ ಶಾಪಾ ಹಾಕ್ತಿದ್ನಿ.”

ಸೋನುಬಾಯಿ ಬುಟ್ಟಿ ಕೆಳಗಿಟ್ಟು ಕೈಮುಗಿದಳು. “ಅದನ್ನ ವಾಪಸ್ ತಗೋರಿ ಅವ್ವಾರ. ನಿಮ್ಮ ಕಾಲಿಗೆ ಬೀಳತೇನಿ.”

ಕಾಶೆವ್ವ ಬದುವನ್ನೊಮ್ಮೆ, ಗಿಡವನ್ನೊಮ್ಮೆ ನೋಡಿದಳು. “ಮೊದಲ ಬದು ಗಿಡಕ್ಕ ಮುಟ್ಟಲಿ.”

ಸೋನುಬಾಯಿ ಬೀಜವನ್ನು ಗಂಡನ ಟವೆಲಿನ ಮೇಲೆ ಸುರಿದು, ಖಾಲಿಯಾದ ಬುಟ್ಟಿಗೆ ಮಣ್ಣು ತುಂಬತೊಡಗಿದಳು.