ಬಾವಿಗೆ ಹಾರಬೇಕಾದ ಅಳಿಯ

ಕುಡಿಯುವ ನೀರಿನ ಬಾವಿಗೆ ಹಾರು ಎಂದು ಹೆಣ್ಣು ಕೊಟ್ಟ ಅತ್ತೆಯೇ ಹೇಳಿದರೆ ಏನು ಮಾಡುತ್ತೀರಿ? ನಾನಂತೂ ತಮಾಷೆ ಎಂದು ನಕ್ಕೆ. ದಾಂಡೇಲಿಯ ಅಂಬೇವಾಡಿಯ ಆ ಹಿತ್ತಿಲಲ್ಲಿ ಬೇರೆ ಯಾರೂ ನಗಲಿಲ್ಲ.

ಮುಳಬಾಗಿಲಿನವನಾದ ನಾನು ಶಾರ್ಲೆಟ್‌ಳನ್ನು ಮದುವೆಯಾಗಿ, ಅವಳ ಊರಲ್ಲೇ ಮೊಬೈಲ್ ರಿಪೇರಿ ಅಂಗಡಿ ಹಾಕಿ ಕೆಲವು ತಿಂಗಳಾಗಿತ್ತು. ಮೀನಿನ ಸಾರು ನಾಲಗೆಗೆ ಒಗ್ಗಿತ್ತು, ‘ಹೋಗೂಣು, ಬರ್ರಿ’ ಬಾಯಿಗೆ ಬಂದಿತ್ತು. ಆದರೂ ಅವಳ ಬಂಧುಗಳಿಗೆ ನಾನಿನ್ನೂ ಹೊರಗಿನವನೇ. ಅವರ ಹಿರಿಯರು ಗೋವಾದಿಂದ ಬರುವಾಗ ಒಂದು ಹಬ್ಬವನ್ನೂ ಕಟ್ಟಿಕೊಂಡು ಬಂದಿದ್ದರು: ಸಾಂ ಜುವಾಂವ್, ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸಂತ ಯೋವಾನ್ನರ ಹುಟ್ಟುಹಬ್ಬ. ವರ್ಷದ ಅತಿ ಉದ್ದದ ಹಗಲು ಮುಗಿದ ಬೆನ್ನಿಗೇ, ಜೂನ್ ಇಪ್ಪತ್ನಾಲ್ಕಕ್ಕೆ ಬರುತ್ತದೆ.

“ಇನ್ನ ಹಗಲು ಸಣ್ಣದಾಕ್ಕೋಂತ ಹೋಗತೈತ್ರಿ, ಕ್ರಿಸ್ಮಸ್ಸಿಗೆ ತಿರಗಿ ಬೆಳೀತೈತಿ,” ಎಂದರು ಅತ್ತೆ ಪಾವ್ಲಿನ್, ನನ್ನ ತಲೆಗೆ ಕೊಪೆಲ್ ಎಂಬ ಹೂಬಳ್ಳಿಯ ಕಿರೀಟ ಇಡುತ್ತ. “ಯೇಸು ಬರ್ತಾನಂತ ತಿಳದು ಜುವಾಂವ್ ತಾಯಿ ಹೊಟ್ಟ್ಯಾಗ ಜಿಗದಿದ್ದ. ನಾವು ಬಾವ್ಯಾಗ ಜಿಗೀತೇವಿ. ಹೊಸಾ ಜಾಂವಯ್ ಮೊದಲ!” ಜಾಂವಯ್ ಎಂದರೆ ಅಳಿಯ.

ನಮ್ಮೂರಲ್ಲಿ ನಾವು ಬಾವಿಗೆ ಇಳಿಯುತ್ತಿದ್ದದ್ದು ಕ್ರಿಕೆಟ್ ಚೆಂಡು ಹೆಕ್ಕಲು. ಒಣಬಾವಿಯಲ್ಲಿ ಈಜು ಕಲಿಯುವುದೆಲ್ಲಿಂದ ಬಂತು? ಇಲ್ಲಿ ನೀರು ಬಗ್ಗಿದರೆ ಕೈಗೆ ಸಿಗುವಂತಿತ್ತು. ನೋಡಿ ಎರಡು ಹೆಜ್ಜೆ ಹಿಂದೆ ಸರಿದೆ. ಈಜು ಬರುವುದಿಲ್ಲ ಎಂದರೆ ಅಷ್ಟು ಜನರ ಮುಂದೆ ಶಾರ್ಲೆಟ್ ತಲೆ ತಗ್ಗಿಸಬೇಕು. ಮಾನ ದೊಡ್ಡದೋ ಪ್ರಾಣ ದೊಡ್ಡದೋ ಎಂದು ಲೆಕ್ಕ ಹಾಕುವಷ್ಟರಲ್ಲಿ ಎಲ್ಲರೂ “ವಿವಾ!” ಎಂದು ಜೈಕಾರ ಕೂಗಿದರು. ಹಾರಿಬಿಟ್ಟೆ.

ಕಿವಿಯಲ್ಲಿ ನೀರು, ಮೂಗಿನಲ್ಲಿ ನೀರು, ಕಾಲಿಗೆ ನೆಲವಿಲ್ಲ. ಸತ್ತೆ ಎಂದುಕೊಂಡೆ. ಆಗ ಯಾರೋ ಕೂದಲು ಹಿಡಿದು ಮೇಲಕ್ಕೆಳೆದರು. ಕಣ್ಣು ಬಿಟ್ಟರೆ, ಉಟ್ಟ ಸೀರೆಯಲ್ಲೇ ಹಾರಿದ್ದ ಅತ್ತೆ! ಮೆಟ್ಟಿಲ ಮೇಲೆ ಕೂರಿಸಿ, ಉಸಿರು ಬಂದದ್ದು ನೋಡಿ, ಕೆನ್ನೆಗೆ ಒಂದು ಬಿಟ್ಟರು.

“ಈಸಾಕ ಬರಂಗಿಲ್ಲಂತ ಹೇಳಾಕ ಏನಾಗಿತ್ತೋ ನಿನಗ? ನನ್ನ ಮಗಳ ಗತಿ ಏನಾಗ್ತಿತ್ತು?” ಎನ್ನುತ್ತ ತಬ್ಬಿಕೊಂಡು ಅತ್ತರು. ಇಷ್ಟು ದಿನ ‘ರೀ’ ಎನ್ನುತ್ತಿದ್ದವರು ಮೊದಲ ಸಲ ಏಕವಚನಕ್ಕೆ ಇಳಿದಿದ್ದರು. ಕೆನ್ನೆ ಉರಿಯುತ್ತಿತ್ತು, ಆದರೂ ನನಗೆ ಖುಷಿಯಾಯಿತು.

ಸಂಜೆ ಮುಳಬಾಗಿಲಿನಿಂದ ಅಮ್ಮ ಫೋನ್ ಮಾಡಿದಳು.

“ಅಲ್ಲಿ ಮಳೆ ಆಯ್ತೇನಪ್ಪಾ? ಬಾವೀಲಿ ನೀರೈತಾ?”

“ತುಂಬಿದೆ.”

“ಪುಣ್ಯವಂತ್ರು! ನೀರು ಅಂದ್ರೆ ಗಂಗಮ್ಮ. ಕಾಲು ಸೋಕಿಸಬೇಡ ಕಣಪ್ಪಾ, ದೂರದಿಂದ ಕೈ ಮುಗಿ.”

ಹಾರಿದ್ದಕ್ಕೇ ಇಲ್ಲಿ ಮನೆಯವನಾಗಿದ್ದೆ. ಅದನ್ನು ಹೇಳಿದರೆ ಅಮ್ಮನ ಕಣ್ಣಿಗೆ ಯಾರಾಗುತ್ತೇನೋ ತಿಳಿಯಲಿಲ್ಲ.

“ಮುಗಿದೆನಮ್ಮಾ,” ಎಂದೆ. ಮೂಗಿನಿಂದ ಇನ್ನೂ ನೀರು ಇಳಿಯುತ್ತಿತ್ತು.