ಹಾಲಿನಲ್ಲಿ ಬಾಂಬಿನ ಧೂಳು

ರಾಜಸ್ಥಾನದಲ್ಲಿ ಬಾಂಬ್ ಪರೀಕ್ಷೆ ಆದ ವರ್ಷ ನಾನು ಹೊಳೆಹೊನ್ನೂರು ಹತ್ತಿರದ ಒಂದು ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದೆ. ಹಾಲಿಗೆ ನೀರು ಬೆರೆಸಿದವರನ್ನು ಹಿಡಿಯುವುದು ನನ್ನ ಕೆಲಸ, ಹಾಗಾಗಿ ನನ್ನನ್ನು ಕಂಡರೆ ಊರಿನವರಿಗೆ ಅಷ್ಟಕ್ಕಷ್ಟೆ. ಒಂದು ಬೆಳಿಗ್ಗೆ ಜೀಪಿನಲ್ಲಿ ಬಂದ ಅಧಿಕಾರಿಯೊಬ್ಬರು ಕ್ಯಾನಿನಿಂದ ಬಾಟಲಿಗೆ ಹಾಲು ತುಂಬಿಸಿಕೊಂಡರು.

"ನೀರು ಬೆರೆತಿಲ್ಲ ಸರ್, ನಾನೇ ನೋಡಿದ್ದೀನಿ," ಅಂದೆ.

"ನೀರಲ್ಲಮ್ಮ. ಬಾಂಬಿನ ವಿಕಿರಣದ ಧೂಳು ಹುಲ್ಲಿಗೆ ಬಿದ್ದು, ಹಸು ತಿಂದು, ಹಾಲಿಗೆ ಬಂದಿದೆಯಾ ಅಂತ ಅಳೀಬೇಕು. ಸ್ಫೋಟ ಮಾಡಿದ್ದು ನೆಲದೊಳಗೆ. ಏನೂ ಇರಲ್ಲ."

"ಇರಲ್ಲ ಅಂದ್ಮೇಲೆ ಯಾಕೆ ಅಳೀತೀರಾ?"

"ಇಲ್ಲ ಅಂತ ತೋರಿಸಬೇಕಲ್ಲ."

ನನ್ನ ಸೊಂಟದ ಮೇಲೆ ವರ್ಷದ ಮಗಳಿದ್ದಳು. ಅವಳು ಕುಡಿಯುವುದೂ ಇದೇ ಹಾಲು. "ಇವಳಿಗೆ ಕೊಡಬಹುದಾ?" ಅಂತ ಕೇಳಿದೆ.

"ಧಾರಾಳವಾಗಿ ಕೊಡಿ."

"ವರದಿ ನಮಗೂ ಕಳಿಸ್ತೀರಾ?"

"ಅದು ಮೇಲಿನವರಿಗೆ ಹೋಗುತ್ತೆ."

ಅವರಿಗೆ ಕಾಫಿ ಕೊಡೋಣ ಅಂತ ಲೋಟಕ್ಕೆ ಡಿಕಾಕ್ಷನ್ ಸುರಿದು ಹಾಲಿನ ಪಾತ್ರೆಗೆ ಕೈ ಹಾಕಿದೆ. "ನನಗೆ ಹಾಲು ಬೇಡಮ್ಮ, ಗ್ಯಾಸ್ಟ್ರಿಕ್," ಅಂದು ಹಾಗೇ ಕುಡಿದರು. ಗ್ಯಾಸ್ಟ್ರಿಕ್ ಇರುವವರು ಬರೀ ಡಿಕಾಕ್ಷನ್ ಕುಡಿದಿದ್ದನ್ನು ನಾನು ಆವರೆಗೆ ನೋಡಿರಲಿಲ್ಲ.

ಆ ದಿನ ಮಗಳಿಗೆ ರಾಗಿ ಗಂಜಿ ಕುಡಿಸಿದೆ. ಮಾರನೆಯ ದಿನ ಅವಳು ಗಂಜಿ ಉಗಿದು ಅತ್ತು ಅತ್ತು ಸುಸ್ತಾದಾಗ ಹಾಲೇ ಕೊಟ್ಟೆ. ವರದಿ ನಮಗೆ ಬರಲೇ ಇಲ್ಲ. ಒಬ್ಬರ ಹೊಟ್ಟೆ ನಿಜವಾಗಿಯೂ ಕೆಟ್ಟಿರಲಿ ಅಂತ ನಾನು ಮನಸಾರೆ ದೇವರಲ್ಲಿ ಬೇಡಿಕೊಂಡಿದ್ದು ಅದೇ ಮೊದಲು.